ಬ್ರಾಡ್‌ವೇ ಅಡಿಯ ಸ್ಮಶಾನ: ನ್ಯೂಯಾರ್ಕ್ ನಗರದ ಗುಲಾಮಗಿರಿ ನೆಲದಿಂದ ಮೇಲೆದ್ದ ಒಂದು ಪ್ರಕರಣ

1991ರಲ್ಲಿ ನ್ಯೂಯಾರ್ಕ್ ನಗರದ ಮ್ಯಾನ್‌ಹಾಟನ್ ದ್ವೀಪದ ದಕ್ಷಿಣ ಭಾಗದಲ್ಲಿ, ಪುರಭವನದಿಂದ ಕೂಗಳತೆಯ ದೂರದಲ್ಲಿ, ಸರ್ಕಾರಿ ಕಚೇರಿ ಕಟ್ಟಡವೊಂದಕ್ಕೆ ಜಾಗ ಸಿದ್ಧಪಡಿಸುವಾಗ ಮನುಷ್ಯರ ಮೂಳೆಗಳು ಸಿಕ್ಕವು. ಅವು ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ಆ ನಗರದಲ್ಲಿ ಗುಲಾಮರಾಗಿ ದುಡಿದು ಸತ್ತ ಆಫ್ರಿಕನ್ನರ ಮೂಳೆಗಳು. ಅಲ್ಲಿಂದ ಹನ್ನೆರಡು ವರ್ಷಗಳ ಕಾಲ ಆ ಮೂಳೆಗಳ ಸುತ್ತ ಯಾರು ಯಾವ ನಿರ್ಧಾರ ತೆಗೆದುಕೊಂಡರು, ಯಾವ ನಿರ್ಧಾರ ಎಲ್ಲಿ ಎಡವಿತು, ಯಾವ ಗಳಿಗೆಯಲ್ಲಿ ಪ್ರಕರಣ ತಿರುವು ಪಡೆಯಿತು ಎಂಬುದು ಈ ಅಧ್ಯಯನದ ವಸ್ತು. ಪುರಾತತ್ತ್ವ, ನಗರ ಯೋಜನೆ, ಲೋಕೋಪಯೋಗಿ ಕಾಮಗಾರಿ, ವಸ್ತುಸಂಗ್ರಹಾಲಯ ಇವುಗಳಲ್ಲಿ ಕೆಲಸ ಮಾಡುವವರಿಗೆ ಇದು ಉಪಯೋಗಕ್ಕೆ ಬರಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಹೆಸರುಗಳ ಬಗ್ಗೆ ಮೊದಲೇ ಒಂದು ಮಾತು. ಈ ಪ್ರಕರಣದಲ್ಲಿ ಪಾತ್ರ ವಹಿಸಿದ ಅಧಿಕಾರಿಗಳು, ವಿಜ್ಞಾನಿಗಳು, ಜನಪ್ರತಿನಿಧಿಗಳು ಮತ್ತು ಹೋರಾಟಗಾರರ ಹೆಸರುಗಳನ್ನು ಬಿಟ್ಟು, ಅವರು ನಿಂತಿದ್ದ ಸ್ಥಾನವನ್ನಷ್ಟೇ ಹೇಳಿದ್ದೇನೆ. ಪ್ರಕರಣದ ಕೇಂದ್ರದಲ್ಲಿರುವ, ಆ ನೆಲದಿಂದ ಮೂಳೆಗಳಾಗಿ ಎತ್ತಿದ 419 ಮಂದಿಯ ಹೆಸರನ್ನು ನಾನು ಮರೆಮಾಚಬೇಕಾದ ಅಗತ್ಯವೇ ಇಲ್ಲ. ಅವರು ಉಳಿದಿರುವುದು ಸಮಾಧಿ ಸಂಖ್ಯೆಗಳಾಗಿ ಮಾತ್ರ: 25ನೇ ಸಮಾಧಿ, 101ನೇ ಸಮಾಧಿ, 340ನೇ ಸಮಾಧಿ.

ಹಿನ್ನೆಲೆ

ಅಮೆರಿಕದ ಗುಲಾಮಗಿರಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ದಕ್ಷಿಣದ ಹತ್ತಿ ಹೊಲಗಳು. ಉತ್ತರದ ರಾಜ್ಯಗಳು ಗುಲಾಮಗಿರಿಯ ವಿರುದ್ಧ ನಿಂತು ಯುದ್ಧ ಮಾಡಿದವು ಎಂಬಷ್ಟು ಮಾತ್ರ ನಮ್ಮ ಪಠ್ಯಪುಸ್ತಕಗಳಿಂದ ನೆನಪಿನಲ್ಲಿ ಉಳಿದಿರುತ್ತದೆ. ನ್ಯೂಯಾರ್ಕಿನ ಜನರಲ್ಲಿಯೂ ಬಹುಪಾಲು ಮಂದಿ 1991ರವರೆಗೆ ಹೀಗೆಯೇ ತಿಳಿದಿದ್ದರು. ದಾಖಲೆಗಳು ಹೇಳುವುದು ಬೇರೆ.

ಡಚ್ಚರ ವೆಸ್ಟ್ ಇಂಡಿಯಾ ಕಂಪನಿಯು ಅಲ್ಲಿ ನ್ಯೂ ಆಮ್ಸ್ಟರ್‌ಡ್ಯಾಮ್ ಎಂಬ ವಸಾಹತನ್ನು ಕಟ್ಟಲಾರಂಭಿಸಿದ ಬೆನ್ನಲ್ಲೇ, 1626ರ ಸುಮಾರಿಗೆ, ಹನ್ನೊಂದು ಆಫ್ರಿಕನ್ ಗಂಡಸರನ್ನು ಗುಲಾಮರನ್ನಾಗಿ ತಂದಿಳಿಸಿತು. ಕಾಡು ಕಡಿದವರು, ರಸ್ತೆ ಮಾಡಿದವರು, ಕೋಟೆಗೆ ಕಲ್ಲು ಮಣ್ಣು ಹೊತ್ತವರು ಇವರೇ. 1653ರಲ್ಲಿ ಊರಿನ ಉತ್ತರ ಅಂಚಿಗೆ ಎದ್ದು ನಿಂತ, ಮುಂದೆ ವಾಲ್ ಸ್ಟ್ರೀಟ್‌ಗೆ ಹೆಸರು ಕೊಟ್ಟ ಗೋಡೆಯ ಹಿಂದೆಯೂ ಗುಲಾಮರ ದುಡಿಮೆ ಇತ್ತು. ಪಾಲೊ ಡಿ ಅಂಗೋಲ, ಸಿಮೋನ್ ಕಾಂಗೊ ಎಂಬಂತೆ ಆ ಹನ್ನೊಂದು ಮಂದಿಯಲ್ಲಿ ಕೆಲವರ ಹೆಸರುಗಳು ಕಂಪನಿಯ ಕಾಗದಗಳಲ್ಲಿ ಉಳಿದಿವೆ, ಹೆಸರಿನಲ್ಲಿಯೇ ಊರು ಹೊತ್ತುಕೊಂಡು. 1644ರಲ್ಲಿ ಇವರು ಬಿಡುಗಡೆಗಾಗಿ ಅರ್ಜಿ ಹಾಕಿದಾಗ ಕಂಪನಿ ಕೊಟ್ಟದ್ದು ಅರೆ ಬಿಡುಗಡೆ. ಗಂಡನೂ ಹೆಂಡತಿಯೂ ಸ್ವತಂತ್ರರು, ಆದರೆ ವರ್ಷವರ್ಷವೂ ಧಾನ್ಯವನ್ನೂ ಕೊಬ್ಬಿದ ಹಂದಿಯೊಂದನ್ನೂ ಕಂಪನಿಗೆ ಅಳೆಯಬೇಕು. ಹುಟ್ಟಿದ ಮತ್ತು ಹುಟ್ಟಲಿರುವ ಮಕ್ಕಳು ಮಾತ್ರ ಗುಲಾಮರಾಗಿಯೇ ಉಳಿಯಬೇಕು. ತಂದೆ ತಾಯಿ ಸ್ವತಂತ್ರರಾಗಿದ್ದೂ ಮಗು ಕಂಪನಿಯ ಸ್ವತ್ತಾಗುವ ಈ ಷರತ್ತನ್ನು ಓದುವಾಗ ನಾನು ಪ್ರತಿ ಸಲವೂ ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲುತ್ತೇನೆ.

1664ರಲ್ಲಿ ಊರು ಇಂಗ್ಲಿಷರ ಕೈಗೆ ಬಂದು ನ್ಯೂಯಾರ್ಕ್ ಆಯಿತು. ಕಾಯಿದೆಗಳು ಒಂದೊಂದಾಗಿ ಬಿಗಿಯಾದವು. 1703ರ ಜನಗಣತಿಯ ಹೊತ್ತಿಗೆ ಆ ನಗರದಲ್ಲಿ ನೂರಕ್ಕೆ ಸುಮಾರು 40 ಮನೆಗಳಲ್ಲಿ ಗುಲಾಮರಿದ್ದರು. ಹೊಲಗದ್ದೆಗಳ ದೊಡ್ಡ ಗುಲಾಮ ಸಮೂಹ ಇಲ್ಲಿನದಲ್ಲ. ಒಂದೊಂದು ಮನೆಯ ಅಟ್ಟದಲ್ಲಿ, ಅಡುಗೆ ಕೋಣೆಯಲ್ಲಿ, ಹಿತ್ತಲಲ್ಲಿ ಒಬ್ಬರು ಇಬ್ಬರಂತೆ ಇದ್ದವರು. ಹಡಗುಕಟ್ಟೆಯಲ್ಲಿ ಹೊರೆ ಹೊರುವುದರಿಂದ ಹಿಡಿದು ಬಾವಿ ನೀರು ಸೇದುವವರೆಗೆ ಎಲ್ಲ ಕೆಲಸವೂ ಅವರದು. 1711ರಲ್ಲಿ ವಾಲ್ ಸ್ಟ್ರೀಟ್ ನದಿಯನ್ನು ಮುಟ್ಟುವ ಕಡೆ ನಗರಸಭೆಯೇ ಗುಲಾಮರ ಮಾರುಕಟ್ಟೆಯನ್ನು ಗೊತ್ತುಮಾಡಿತು. ಗುಲಾಮರನ್ನು ಮಾರುವುದಷ್ಟೇ ಅಲ್ಲದೆ ದಿನಗೂಲಿಗೆ ಕಳಿಸುವ ವ್ಯವಹಾರವೂ ಅಲ್ಲಿ ನಡೆಯುತ್ತಿತ್ತು. ಕೂಲಿಯ ಹಣ ಒಡೆಯನಿಗೆ.

ಸತ್ತವರನ್ನು ಹೂಳುವುದೆಲ್ಲಿ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. 1697ರಲ್ಲಿ ನಗರದ ಮುಖ್ಯ ಆಂಗ್ಲಿಕನ್ ಚರ್ಚು ತನ್ನ ಸ್ಮಶಾನದಲ್ಲಿ ಕಪ್ಪು ಜನರನ್ನು ಹೂಳಬಾರದೆಂದು ನಿಷೇಧಿಸಿತು. ಊರ ಹೊರಗೆ, ಕಲೆಕ್ಟ್ ಎಂಬ ಸಿಹಿನೀರಿನ ಕೆರೆಯ ಸಮೀಪ, ಯಾರಿಗೂ ಬೇಡವಾಗಿದ್ದ ತಗ್ಗುದಿಣ್ಣೆಯ ನೆಲ ಅವರ ಸ್ಮಶಾನವಾಯಿತು. ಆರು ಎಕರೆಗೂ ಮಿಕ್ಕಿದ ಆ ಜಾಗದಲ್ಲಿ ಹದಿನೆಂಟನೇ ಶತಮಾನದ ಕೊನೆಯವರೆಗೆ ಸುಮಾರು 15,000 ಮಂದಿಯನ್ನು ಮಣ್ಣು ಮಾಡಿರಬಹುದೆಂಬುದು ಈಗಿನ ಅಂದಾಜು.

ಆ ನೆಲದ ಮೇಲೂ ಕಾಯಿದೆಯ ಕಣ್ಣಿತ್ತು. 1712ರಲ್ಲಿ ಗುಲಾಮರು ದಂಗೆಯೆದ್ದು ಒಂಬತ್ತು ಮಂದಿ ಬಿಳಿಯರನ್ನು ಕೊಂದಿದ್ದರು. ಅದಕ್ಕೆ ಪ್ರತಿಯಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಮರಣದಂಡನೆಯಾಗಿತ್ತು. ನಾಲ್ಕು ಜನ ಒಂದೆಡೆ ಸೇರಿದರೂ ಒಡೆಯರಿಗೆ ಅಂಜಿಕೆ. ಹಾಗಾಗಿ 1722ರಲ್ಲಿ ನಗರಸಭೆ ಕಪ್ಪು ಜನರ ಶವಸಂಸ್ಕಾರ ಹಗಲಿನಲ್ಲಿಯೇ ಮುಗಿಯಬೇಕೆಂದು ವಿಧಿಸಿತು. ರಾತ್ರಿ ಹೊತ್ತು ಮಣ್ಣು ಮಾಡುವುದು ಹಲವು ಆಫ್ರಿಕನ್ ಸಮುದಾಯಗಳ ರೂಢಿ. ಹಗಲೆಲ್ಲ ಒಡೆಯನ ಕೆಲಸದಲ್ಲಿರುವವರಿಗೆ ಸತ್ತವರೊಡನೆ ಕೂರಲು ಸಿಗುತ್ತಿದ್ದ ಹೊತ್ತೂ ಅದೊಂದೇ. 1731ರ ಹೊತ್ತಿಗೆ ಶವದ ಹಿಂದೆ ಹನ್ನೆರಡಕ್ಕಿಂತ ಹೆಚ್ಚು ಮಂದಿ ಹೋಗಬಾರದು, ಶವಪೆಟ್ಟಿಗೆಗೆ ಬಟ್ಟೆ ಹೊದಿಸಬಾರದು ಎಂಬ ಕಟ್ಟಳೆಯೂ ಸೇರಿತು. 1741ರಲ್ಲಿ ಗುಲಾಮರು ಊರಿಗೆ ಬೆಂಕಿ ಹಚ್ಚುವ ಸಂಚು ಮಾಡಿದರೆಂಬ ಆರೋಪದ ಮೇಲೆ 13 ಮಂದಿ ಕಪ್ಪು ಗಂಡಸರನ್ನು ಜೀವಂತ ಸುಟ್ಟು, 17 ಮಂದಿಯನ್ನು ಗಲ್ಲಿಗೇರಿಸಿದರು. ನಾಲ್ವರು ಬಿಳಿಯರನ್ನೂ ನೇಣಿಗೆ ಹಾಕಿದರು.

ಮುಂದಿನ ಒಂದು ಘಟನೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಇಡೀ ಪ್ರಕರಣಕ್ಕೆ ಅದು ಕನ್ನಡಿಯಂತಿದೆ. 1788ರ ಫೆಬ್ರವರಿಯಲ್ಲಿ ನಗರದ ಕಪ್ಪು ಜನರು, ಗುಲಾಮರೂ ಸ್ವತಂತ್ರರೂ ಸೇರಿ, ನಗರಸಭೆಗೆ ಒಂದು ಅಹವಾಲು ಸಲ್ಲಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ರಾತ್ರಿ ಹೊತ್ತು ತಮ್ಮ ಸ್ಮಶಾನಕ್ಕೆ ನುಗ್ಗಿ ಹೆಣಗಳನ್ನು ಅಗೆದೊಯ್ಯುತ್ತಿದ್ದಾರೆ, ಇದನ್ನು ತಡೆಯಬೇಕು ಎಂಬುದು ಅವರ ಮೊರೆ. ಯಾರೂ ಕಿವಿಗೊಡಲಿಲ್ಲ. ಎರಡು ತಿಂಗಳ ಮೇಲೆ, ಬಿಳಿಯರ ಹೆಣಗಳೂ ಕಳುವಾಗುತ್ತಿವೆ ಎಂಬ ಸುದ್ದಿ ಹಬ್ಬಿದಾಗ, ಊರಿಗೆ ಊರೇ ದಂಗೆಯೆದ್ದಿತು. ಕಾಯಿದೆ ಬಂದದ್ದು ಆಮೇಲೆ.

1790ರ ದಶಕದ ನಡುವಿಗೆ ಸ್ಮಶಾನ ಮುಚ್ಚಿತು, ನೆಲವನ್ನು ನಿವೇಶನಗಳಾಗಿ ಹಂಚಿದರು. ತಗ್ಗನ್ನು ಸಮ ಮಾಡಲು ಮಣ್ಣು ಸುರಿದರು, ಕೆಲವೆಡೆ 20 ಅಡಿಗೂ ಹೆಚ್ಚು. 1799ರ ಕಾಯಿದೆ ಅಂದಿನಿಂದ ಹುಟ್ಟುವ ಮಕ್ಕಳಿಗೆ ಮಾತ್ರ, ಅದೂ ಗಂಡಿಗೆ 28, ಹೆಣ್ಣಿಗೆ 25 ವರ್ಷ ತುಂಬಿದ ಮೇಲೆ, ಬಿಡುಗಡೆ ಕೊಟ್ಟಿತು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನಂತೆ ಕೊನೆಗೊಂಡದ್ದು 1827ರ ಜುಲೈ 4ರಂದು. ಅಷ್ಟರಲ್ಲಿ ಸ್ಮಶಾನದ ಮೇಲೆ ಮನೆಗಳೂ ಅಂಗಡಿಗಳೂ ಎದ್ದಾಗಿತ್ತು.

ಸಮಸ್ಯೆ

1990ರ ಕೊನೆಯಲ್ಲಿ ಫೆಡರಲ್ ಸರ್ಕಾರದ ಕಟ್ಟಡ ಇಲಾಖೆ ಬ್ರಾಡ್‌ವೇ ರಸ್ತೆಗೆ ಹೊಂದಿದ ಒಂದು ನಿವೇಶನವನ್ನು ನಗರಾಡಳಿತದಿಂದ 10.4 ಕೋಟಿ ಡಾಲರಿಗೆ ಕೊಂಡಿತು. 34 ಅಂತಸ್ತಿನ ಕಚೇರಿ ಗೋಪುರ, ಅದಕ್ಕೆ ತಾಗಿದಂತೆ ನಾಲ್ಕು ಅಂತಸ್ತಿನ ಮಂಟಪ, ಇದು ಯೋಜನೆ. ಚಾರಿತ್ರಿಕ ನೆಲೆಗಳ ಸಂರಕ್ಷಣೆಗಾಗಿ 1966ರಲ್ಲಿ ಬಂದ ಕಾಯಿದೆಯ ಪ್ರಕಾರ, ಫೆಡರಲ್ ಹಣದ ಯಾವುದೇ ಕಾಮಗಾರಿಗೆ ಮುಂಚೆ ನೆಲದ ಇತಿಹಾಸವನ್ನು ಪರಿಶೀಲಿಸಬೇಕು. ಇಲಾಖೆ ಅದನ್ನು ಮಾಡಿಸಿತು. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಈ ಪ್ರಕರಣವನ್ನು ಅನೇಕರು ಆಕಸ್ಮಿಕ ಶೋಧದ ಕತೆಯಂತೆ ಹೇಳುತ್ತಾರೆ. 1755ರ ನಗರದ ನಕ್ಷೆಯಲ್ಲಿ ಅದೇ ಜಾಗದ ಮೇಲೆ ನೀಗ್ರೋಗಳ ಸ್ಮಶಾನ ಎಂಬ ಅರ್ಥದ ಮಾತು ಅಚ್ಚಾಗಿತ್ತು. ಇಲಾಖೆ ನೇಮಿಸಿದ ಪುರಾತತ್ತ್ವ ಸಂಸ್ಥೆಯ ವರದಿಯಲ್ಲಿಯೂ ಸ್ಮಶಾನದ ಪ್ರಸ್ತಾಪವಿತ್ತು.

ವರದಿ ಎಡವಿದ್ದು ಊಹೆಯಲ್ಲಿ. ಹತ್ತೊಂಬತ್ತು ಮತ್ತು ಇಪ್ಪತ್ತನೇ ಶತಮಾನದ ಕಟ್ಟಡಗಳ ನೆಲಮಾಳಿಗೆಗಳು ಸಮಾಧಿಗಳನ್ನು ಎಂದೋ ಅಳಿಸಿ ಹಾಕಿರುತ್ತವೆ, ಉಳಿದಿದ್ದರೆ ಕಟ್ಟಡವೇಳದ ಒಂದು ಹಳೆಯ ಓಣಿಯ ಕೆಳಗೆ ಅಲ್ಪಸ್ವಲ್ಪ ಉಳಿದಿರಬಹುದು ಎಂದು ಅದು ತೀರ್ಮಾನಿಸಿತ್ತು. ಇನ್ನೂರು ವರ್ಷಗಳ ಹಿಂದೆ ಆ ನೆಲ ಎಷ್ಟು ತಗ್ಗಿನಲ್ಲಿತ್ತು, ಅದರ ಮೇಲೆ ಎಷ್ಟು ಆಳದ ಮಣ್ಣು ಬಿದ್ದಿದೆ ಎಂಬ ಲೆಕ್ಕ ಸರಿಯಾಗಿ ಕೂಡಿರಲಿಲ್ಲ. ನೆಲಮಾಳಿಗೆಗಳು ಇಳಿದದ್ದು ತುಂಬಿದ ಮಣ್ಣಿನೊಳಕ್ಕೆ. ಸತ್ತವರು ಅದರ ಕೆಳಗೆ ಇದ್ದರು.

ಹೀಗಾಗಿ ಸಮಸ್ಯೆಗೆ ಎರಡು ಮುಖಗಳಿದ್ದವು. ಸ್ಮಶಾನ ಉಳಿದಿದ್ದರೆ ಏನು ಮಾಡುವುದು ಎಂಬ ಪರ್ಯಾಯ ಯೋಜನೆಯಾಗಲಿ, ಅದಕ್ಕೆ ಬೇಕಾದ ಹಣ ಮತ್ತು ದಿನಗಳಾಗಲಿ ಯಾರ ಕಡತದಲ್ಲಿಯೂ ಇರಲಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಇದು ಯಾರ ಹಿರಿಯರ ಸ್ಮಶಾನವೋ ಅವರನ್ನು, ಎಂದರೆ ನ್ಯೂಯಾರ್ಕಿನ ಆಫ್ರಿಕನ್ ಅಮೆರಿಕನ್ನರನ್ನು, ಯಾವ ಹಂತದಲ್ಲಿಯೂ ಕರೆದು ಕೇಳಿರಲಿಲ್ಲ.

ಮೊದಲ ಹತ್ತು ತಿಂಗಳು

1991ರ ಬೇಸಿಗೆಯಲ್ಲಿ ಪರೀಕ್ಷಾ ಅಗೆತ ನಡೆದು, ಶರತ್ಕಾಲದಲ್ಲಿ ಸಮಾಧಿಗಳು ಒಂದರ ಹಿಂದೊಂದು ತೆರೆದುಕೊಂಡವು. ಅಕ್ಟೋಬರಿನಲ್ಲಿ ಇಲಾಖೆ ವಿಷಯವನ್ನು ಬಹಿರಂಗಪಡಿಸಿತು. ಅಲ್ಲಿ ಮೊದಲ ಕವಲು ಎದುರಾಯಿತು. ಕಾಮಗಾರಿಯನ್ನು ನಿಲ್ಲಿಸಿ ವಿನ್ಯಾಸವನ್ನು ಬದಲಾಯಿಸಬಹುದಿತ್ತು, ಇಲ್ಲವೇ ಮೂಳೆಗಳನ್ನು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಎತ್ತಿ ಪಾಯಕ್ಕೆ ಜಾಗ ಮಾಡಿಕೊಡಬಹುದಿತ್ತು. ಇಲಾಖೆ ಎರಡನೆಯದನ್ನು ಆರಿಸಿಕೊಂಡಿತು. ಗುತ್ತಿಗೆದಾರರ ಗಡುವು ಹತ್ತಿರವಾಗುತ್ತಿತ್ತು, ತಡವಾದ ದಿನ ದಿನಕ್ಕೂ ಖರ್ಚು ಏರುತ್ತಿತ್ತು, ಕಾನೂನಿನ ಅಕ್ಷರಗಳಿಗೆ ಇಷ್ಟು ಸಾಕೆಂಬ ಸಮಾಧಾನವೂ ಇತ್ತು. ಆ ಅಧಿಕಾರಿಗಳ ಕುರ್ಚಿಯಲ್ಲಿ ಕುಳಿತು ನೋಡಿದರೆ ಈ ನಿರ್ಧಾರ ಹೇಗೆ ಹುಟ್ಟಿತೆಂದು ಅರ್ಥವಾಗುತ್ತದೆ. ಕೆಟ್ಟ ಮನಸ್ಸಿನ ಅಗತ್ಯವೇನೂ ಇದಕ್ಕಿರಲಿಲ್ಲ, ದಿನಾಂಕವನ್ನು ಮಾತ್ರ ನೋಡುವ ಅಭ್ಯಾಸವೇ ಸಾಕಾಗಿತ್ತು. ಪುರಾತತ್ತ್ವಜ್ಞರು ಚಳಿಗಾಲದಲ್ಲಿ ತಾತ್ಕಾಲಿಕ ಹೊದಿಕೆಯ ಕೆಳಗೆ ದಿನಕ್ಕೆ ಹತ್ತು ಹನ್ನೆರಡು ಗಂಟೆ, ವಾರದ ಏಳೂ ದಿನ ಅಗೆದರು.

1992ರ ಫೆಬ್ರವರಿಯಲ್ಲಿ ಅನಾಹುತವಾಯಿತು. ನಿವೇಶನದ ಇನ್ನೊಂದು ಭಾಗದಲ್ಲಿ ಪಾಯಕ್ಕೆ ಕಾಂಕ್ರೀಟ್ ಸುರಿಯುವಾಗ ಕೆಲಸಗಾರರು ಹಲವು ಸಮಾಧಿಗಳನ್ನು ಒಡೆದುಹಾಕಿದರು. ಅವರ ಕೈಯಲ್ಲಿದ್ದ ಎಂಜಿನಿಯರಿಂಗ್ ನಕ್ಷೆ ಹಳೆಯದು. ಯಾವ ಭಾಗವನ್ನು ಪುರಾತತ್ತ್ವಕ್ಕೆ ಬಿಡಬೇಕೆಂಬ ಗುರುತು ಅದರಲ್ಲಿ ಇರಲಿಲ್ಲ ಎಂದು ವಿವರಣೆ ಬಂತು. 1755ರ ನಕ್ಷೆಯಲ್ಲಿ ಇದ್ದ ಸ್ಮಶಾನ 1992ರ ನಕ್ಷೆಯಲ್ಲಿ ಇರಲಿಲ್ಲ! ಕಾಮಗಾರಿಯ ಸ್ಥಳದಲ್ಲಿ ಕೆಲಸ ಮಾಡಿದ ಯಾರಿಗಾದರೂ ಇಂಥ ತಪ್ಪು ಹೇಗಾಗುತ್ತದೆಂದು ಗೊತ್ತು. ಕಚೇರಿಯಲ್ಲಿ ತಿದ್ದಿದ ಹಾಳೆ ಯಂತ್ರದ ಮೇಲೆ ಕೂತವನ ಕೈಗೆ ತಲುಪುವುದಿಲ್ಲ. ಆದರೆ ಇಲ್ಲಿ ಒಡೆದದ್ದು ನೀರಿನ ಕೊಳವೆಯಲ್ಲ.

ಸಾಲದ್ದಕ್ಕೆ, ಹೊರತೆಗೆದ ಅಸ್ಥಿಗಳನ್ನು ಪರೀಕ್ಷೆಗೆಂದು ಒಯ್ದಿದ್ದ ಕಾಲೇಜಿನಲ್ಲಿ ಅವುಗಳನ್ನು ದಿನಪತ್ರಿಕೆಗಳಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗಳಲ್ಲಿ ಇಡಲಾಗಿದೆ ಎಂಬ ಸುದ್ದಿ ಹೊರಬಿತ್ತು. ಜನ ಬೀದಿಗಿಳಿದದ್ದು ಈ ಎರಡು ಸಂಗತಿಗಳ ಮೇಲೆ. ಬೇಲಿಯ ಹೊರಗೆ ಪ್ರಾರ್ಥನೆಗಳಾದವು, ರಾತ್ರಿ ಜಾಗರಣೆಗಳಾದವು, ಹಿರಿಯರಿಗೆ ನೆಲದ ಮೇಲೆ ನೀರು ಬಿಟ್ಟು ತರ್ಪಣ ಕೊಟ್ಟರು. ತರ್ಪಣ ಎಂಬ ಮಾತನ್ನು ನಾನು ಸಡಿಲವಾಗಿ ಬಳಸುತ್ತಿಲ್ಲ; ಪಶ್ಚಿಮ ಆಫ್ರಿಕದ ಆಚರಣೆಯಲ್ಲಿ ಪಿತೃಗಳ ಹೆಸರು ಹೇಳಿ ನೆಲಕ್ಕೆ ನೀರೆರೆಯುವುದಕ್ಕೂ ನಮ್ಮಲ್ಲಿ ಎಳ್ಳುನೀರು ಬಿಡುವುದಕ್ಕೂ ಭಾವ ಒಂದೇ. ಇಲ್ಲಿ ಮಾತ್ರ ಹೇಳಲು ಹೆಸರುಗಳು ಇರಲಿಲ್ಲ.

ಹೋರಾಟಗಾರರ ಬೇಡಿಕೆಯನ್ನು ಗಮನವಿಟ್ಟು ನೋಡಬೇಕು. ಅಧ್ಯಯನ ಬೇಡವೆಂದು ಅವರಲ್ಲಿ ಹೆಚ್ಚಿನವರು ಹೇಳಲಿಲ್ಲ. ಅಗೆತ ನಿಲ್ಲಬೇಕು, ಉಳಿದ ಸಮಾಧಿಗಳನ್ನು ಇದ್ದಲ್ಲಿಯೇ ಬಿಡಬೇಕು, ಈಗಾಗಲೇ ಎತ್ತಿದವರನ್ನು ಯಾರು, ಯಾವ ಪ್ರಶ್ನೆಗಳನ್ನಿಟ್ಟುಕೊಂಡು ಪರೀಕ್ಷಿಸಬೇಕೆಂಬುದನ್ನು ತಮ್ಮನ್ನು ಕೇಳಿ ತೀರ್ಮಾನಿಸಬೇಕು, ಕೊನೆಗೆ ಅವರನ್ನು ಅದೇ ನೆಲಕ್ಕೆ ಮರಳಿಸಬೇಕು ಎಂದರು.

ತಿರುವು

1992ರ ಜುಲೈಯಲ್ಲಿ ನ್ಯೂಯಾರ್ಕಿನ ಮೇಯರ್, ಆ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ, ಅಗೆತ ನಿಲ್ಲಿಸುವಂತೆ ಇಲಾಖೆಗೆ ಪತ್ರ ಬರೆದರು. ಇಲಾಖೆ ಒಪ್ಪಲಿಲ್ಲ. ನಿವೇಶನ ಫೆಡರಲ್ ಸರ್ಕಾರದ್ದು, ನಗರದ ಮಾತು ಅಲ್ಲಿ ನಡೆಯುವುದಿಲ್ಲ. ಪ್ರತಿಭಟನೆ, ಪತ್ರ, ಪತ್ರಿಕಾ ವರದಿ ಎಲ್ಲವೂ ಒಂದು ಗೋಡೆಗೆ ಬಂದು ನಿಂತವು.

ಗೋಡೆ ಸರಿದದ್ದು ಹಣಕಾಸಿನ ಬಾಗಿಲಿನಿಂದ. ಸಾರ್ವಜನಿಕ ಕಟ್ಟಡಗಳಿಗೆ ಮಂಜೂರಾತಿ ಕೊಡುವ ಸಂಸದೀಯ ಉಪಸಮಿತಿಯ ಅಧ್ಯಕ್ಷರು ಜುಲೈ ಕೊನೆಯಲ್ಲಿ ನ್ಯೂಯಾರ್ಕಿಗೇ ಬಂದು ವಿಚಾರಣೆ ನಡೆಸಿದರು. ಅವರೂ ಆಫ್ರಿಕನ್ ಅಮೆರಿಕನ್. ಇಲಾಖೆಯ ಉತ್ತರಗಳನ್ನು ಕೇಳಿ, ಈ ಅಗೆತ ನಿಲ್ಲದಿದ್ದರೆ ಇಲಾಖೆಯ ಮುಂದಿನ ಯೋಜನೆಗಳಿಗೆ ತಮ್ಮ ಸಮಿತಿಯಿಂದ ಒಪ್ಪಿಗೆ ಸಿಗುವುದಿಲ್ಲ ಎಂದು ಅಲ್ಲಿಯೇ ತಿಳಿಸಿದರು. ಕೆಲವೇ ದಿನಗಳಲ್ಲಿ ಅಗೆತ ನಿಂತಿತು. ಅಕ್ಟೋಬರಿನಲ್ಲಿ ಅಮೆರಿಕದ ರಾಷ್ಟ್ರಾಧ್ಯಕ್ಷರು ಸಹಿ ಹಾಕಿದ ಕಾಯಿದೆ ಮಂಟಪದ ಕಾಮಗಾರಿಯನ್ನು ಕೈಬಿಡಿಸಿ, ಸ್ಮಾರಕಕ್ಕೆಂದು 30 ಲಕ್ಷ ಡಾಲರ್ ತೆಗೆದಿರಿಸಿತು. ಗೋಪುರ ಮಾತ್ರ ಎದ್ದಿತು. ಮಂಟಪ ಬರಬೇಕಿದ್ದ ನೆಲದಲ್ಲಿ, ಅಗೆಯದೆ ಬಿಟ್ಟ ಸಮಾಧಿಗಳು ಇದ್ದಲ್ಲಿಯೇ ಉಳಿದವು.

1788ರ ಅಹವಾಲಿಗೂ 1992ರ ವಿಚಾರಣೆಗೂ ನಡುವೆ 204 ವರ್ಷಗಳಿವೆ. ನೆಲ ಅದೇ, ಮೊರೆಯೂ ಅದೇ: ನಮ್ಮವರನ್ನು ಅಗೆಯಬೇಡಿ. ಎರಡನೇ ಸಲ ಮಾತು ನಡೆದದ್ದಕ್ಕೆ ಕಾರಣ, ಮೊರೆಯಿಟ್ಟವರಲ್ಲಿ ಒಬ್ಬರು ನಗರದ ಮೇಯರ್ ಆಗಿದ್ದರು, ಇನ್ನೊಬ್ಬರು ಸಂಸದೀಯ ಉಪಸಮಿತಿಯ ಅಧ್ಯಕ್ಷರ ಪೀಠದಲ್ಲಿದ್ದರು. ಕಾನೂನಿನ ಪಠ್ಯ ಮೊದಲ ದಿನದಿಂದಲೂ ಒಂದೇ ಆಗಿತ್ತು. ಅದನ್ನು ಓದುವ ಸ್ಥಾನದಲ್ಲಿ ಯಾರಿದ್ದಾರೆ ಎಂಬುದು ಬದಲಾಗಿತ್ತು. ಈ ಅಧ್ಯಯನದಿಂದ ನಾನು ಒಂದೇ ಸಂಗತಿಯನ್ನು ಆರಿಸಿ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ.

ಪ್ರಶ್ನೆ ಕೇಳುವ ಹಕ್ಕು

ಇನ್ನೊಂದು ತಿರುವು ಇಷ್ಟು ಸದ್ದು ಮಾಡಲಿಲ್ಲ, ಆದರೆ ವಿದ್ವತ್ತಿನ ಲೋಕದಲ್ಲಿ ಅದರ ಪರಿಣಾಮ ದೊಡ್ಡದು. ಮೊದಲು ಕೆಲಸ ವಹಿಸಿಕೊಂಡಿದ್ದ ತಂಡ ಅಪರಾಧ ಪ್ರಕರಣಗಳಲ್ಲಿ ಮೂಳೆ ಗುರುತಿಸುವವರದು. ತಲೆಬುರುಡೆಯ ಅಳತೆಗಳಿಂದ ಜನಾಂಗವನ್ನು ನಿರ್ಧರಿಸುವುದು ಅವರ ಪದ್ಧತಿಯ ಮುಖ್ಯ ಭಾಗ. ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರೊಬ್ಬರು ಇದಕ್ಕೆ ಆಕ್ಷೇಪ ಎತ್ತಿದರು. ಕಪ್ಪು ಜನರ ಶಿಕ್ಷಣಕ್ಕಾಗಿಯೇ ಹುಟ್ಟಿ ಬೆಳೆದ ವಿಶ್ವವಿದ್ಯಾಲಯ ಅದು. ಇವರು ಕಪ್ಪು ಜನ ಎಂಬುದು ನಮಗೆ ಮೊದಲೇ ಗೊತ್ತಿದೆ; ಇವರು ಆಫ್ರಿಕದ ಯಾವ ಯಾವ ನಾಡಿನಿಂದ ಬಂದವರು, ನ್ಯೂಯಾರ್ಕಿನಲ್ಲಿ ಹೇಗೆ ಬದುಕಿದರು, ಆಫ್ರಿಕನ್ನರು ಆಫ್ರಿಕನ್ ಅಮೆರಿಕನ್ನರಾಗುವಾಗ ಏನೇನು ಬದಲಾಯಿತು, ಗುಲಾಮಗಿರಿಯನ್ನು ಅವರು ಹೇಗೆ ಎದುರಿಸಿದರು, ಇವು ನಾವು ಕೇಳಬೇಕಾದ ಪ್ರಶ್ನೆಗಳು ಎಂಬುದು ಅವರ ವಾದದ ತಿರುಳು.

ಈ ನಾಲ್ಕು ಪ್ರಶ್ನೆಗಳನ್ನು ಅವರ ತಂಡ ಸಾರ್ವಜನಿಕ ಸಭೆಗಳಲ್ಲಿ ಜನರ ಮುಂದಿಟ್ಟು, ಅವರು ಹೇಳಿದ್ದನ್ನು ಸೇರಿಸಿಕೊಂಡು ಯೋಜನೆಯನ್ನು ರೂಪಿಸಿತು. ಹಣ ಕೊಡುವ ಇಲಾಖೆಯನ್ನು ವ್ಯವಹಾರದ ಕಕ್ಷಿಯೆಂದೂ, ಸತ್ತವರ ವಂಶಸ್ಥ ಸಮುದಾಯವನ್ನು ನೈತಿಕ ಕಕ್ಷಿಯೆಂದೂ ತಂಡ ಬೇರ್ಪಡಿಸಿತು. ನಡೆಯುವ ಕೆಲಸಕ್ಕೆ ಎರಡನೆಯವರ ಒಪ್ಪಿಗೆ ಇಲ್ಲದಿದ್ದರೆ ಅದು ಮುಂದುವರಿಯಬಾರದು. ಇದರಿಂದ ವಿಜ್ಞಾನದ ನಿಷ್ಪಕ್ಷಪಾತಕ್ಕೆ ಕುಂದು ಬರುತ್ತದೆಂದು ಶಂಕಿಸುವವರಿದ್ದಾರೆ. ನನ್ನ ತಿಳಿವಳಿಕೆಯಲ್ಲಿ ಆದದ್ದು ಅದಕ್ಕೆ ತದ್ವಿರುದ್ಧ. ಪ್ರಶ್ನೆ ಹರಿತವಾದದ್ದರಿಂದ ಮೂಳೆಗಳು ಹೆಚ್ಚು ಹೇಳಿದವು. 1993ರಲ್ಲಿ ಅಸ್ಥಿಗಳು ಹೊವಾರ್ಡ್‌ಗೆ ಹೋದವು. ಅದೇ ವರ್ಷ ಸ್ಮಶಾನ ರಾಷ್ಟ್ರೀಯ ಚಾರಿತ್ರಿಕ ನೆಲೆ ಎಂಬ ಮಾನ್ಯತೆ ಪಡೆಯಿತು.

ಮೂಳೆಗಳು ಹೇಳಿದ್ದು

ಸಿಕ್ಕಿದವರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಪಾಲು ಮಕ್ಕಳು. ಅವರಲ್ಲಿಯೂ ಹಸುಗೂಸುಗಳು ಬಹಳ. ಬೆಳೆಯುವ ವಯಸ್ಸಿನಲ್ಲಿ ಹೊಟ್ಟೆಗಿಲ್ಲದೆ, ಕಾಯಿಲೆಯಲ್ಲಿ ನರಳಿದ ಗುರುತು ಹಲ್ಲಿನ ಎನಾಮೆಲ್ ಮೇಲೆ ಗೆರೆಗಳಾಗಿ ಉಳಿದಿತ್ತು. ದೊಡ್ಡವರ ತೋಳು ತೊಡೆಗಳಲ್ಲಿ ಸ್ನಾಯು ಅಂಟುವ ಜಾಗಗಳು ಹೊರೆಯ ಭಾರಕ್ಕೆ ಹರಿದು ಗಾಯವಾಗಿದ್ದವು, ಗಂಡಸರಲ್ಲಿ ಮಾತ್ರವಲ್ಲ, ಹೆಂಗಸರಲ್ಲಿಯೂ. ಕೆಲವರಲ್ಲಿ ತಲೆಬುರುಡೆಯ ತಳವೇ ಬಳೆಯಾಕಾರದಲ್ಲಿ ಬಿರುಕುಬಿಟ್ಟಿತ್ತು. ಉತ್ತರದಲ್ಲಿ ಗುಲಾಮಗಿರಿ ಇದ್ದರೂ ಅದು ಮನೆಗೆಲಸದ ಮಟ್ಟದ್ದು, ಅಷ್ಟೇನೂ ಕ್ರೂರವಲ್ಲ ಎಂದು ಬಹಳ ಕಾಲ ನಡೆದುಬಂದ ಮಾತಿಗೆ ಈ ಮೂಳೆಗಳ ಮುಂದೆ ನಿಲ್ಲುವ ಶಕ್ತಿ ಇಲ್ಲ.

25ನೇ ಸಮಾಧಿ ಇಪ್ಪತ್ತರ ಆಚೀಚಿನ ತರುಣಿಯದು. ಅವಳ ಪಕ್ಕೆಲುಬುಗಳ ನಡುವೆ ಬಂದೂಕಿನ ಸೀಸದ ಗುಂಡು ಹಾಗೆಯೇ ಉಳಿದಿತ್ತು. ಮುಖದ ಎಲುಬು ಜಜ್ಜಿತ್ತು, ಮುಂಗೈ ತಿರುಚಿ ಮುರಿದಿತ್ತು. ಏನು ನಡೆಯಿತೆಂದು ಹೇಳುವ ಒಂದು ಸಾಲೂ ಎಲ್ಲಿಯೂ ಇಲ್ಲ; ಅವಳು ತಪ್ಪಿಸಿಕೊಳ್ಳಲು ನೋಡಿದಳೋ, ಎದುರಿಸಿ ನಿಂತಳೋ. ಮತ್ತೊಂದೆಡೆ ಒಬ್ಬ ತಾಯಿ, ಬಾಗಿದ ತೋಳಿನಲ್ಲಿ ಆಗತಾನೆ ಹುಟ್ಟಿದ ಮಗು.

340ನೇ ಸಮಾಧಿ ನಡುವಯಸ್ಸು ದಾಟಿದ ಹೆಂಗಸಿನದು. ಅವಳ ಮುಂದಿನ ಹಲ್ಲುಗಳನ್ನು ಉಜ್ಜಿ ಆಕಾರ ಕೊಟ್ಟಿದ್ದರು. ಆಫ್ರಿಕದ ಹಲವು ಸಮುದಾಯಗಳ ಈ ರೂಢಿಯಿಂದ ಅವಳು ಅಲ್ಲಿ ಹುಟ್ಟಿ ಬೆಳೆದು ಬಂದವಳೆಂದು ಊಹಿಸಬಹುದು. ಸೊಂಟದ ಸುತ್ತ ನೂರಕ್ಕೂ ಹೆಚ್ಚು ಮಣಿಗಳ ಸರ, ಅದರಲ್ಲಿ ಕವಡೆಗಳು. ಚೌಕಾಬಾರ ಆಡುವಾಗ ನಾವು ಅಂಗೈಯಲ್ಲಿ ಕುಲುಕುವ ಜಾತಿಯ ಕವಡೆಯೇ ಅದು. ಹಿಂದೂ ಮಹಾಸಾಗರದ ಮಾಲ್ಡೀವ್ಸ್‌ನಲ್ಲಿ ಆಯ್ದ ಕವಡೆಗಳು ಯೂರೋಪಿನ ಹಡಗುಗಳಲ್ಲಿ ಪಶ್ಚಿಮ ಆಫ್ರಿಕಕ್ಕೆ ಮೂಟೆಗಟ್ಟಲೆ ಹೋಗುತ್ತಿದ್ದವು. ಅಲ್ಲಿ ಅವು ಹಣ, ಗುಲಾಮರ ಬೆಲೆಯನ್ನೂ ಅದರಲ್ಲಿ ಎಣಿಸುತ್ತಿದ್ದರು. ಮನುಷ್ಯರನ್ನು ಕೊಳ್ಳಲು ಬಳಸಿದ್ದನ್ನೇ ಈಕೆ ಒಡವೆಯಾಗಿ ಉಟ್ಟಿದ್ದಳು. ಎಲ್ಲವನ್ನೂ ಕಳೆದುಕೊಂಡವಳು ಆ ಸರವನ್ನು ಹೇಗೆ ಉಳಿಸಿಕೊಂಡಳೋ, ಸತ್ತ ಮೇಲೂ ಅದನ್ನು ಬಿಚ್ಚದೆ ಮಣ್ಣಿಗಿಟ್ಟವರು ಯಾರೋ! ಮಾರಿದರೆ ನಾಲ್ಕು ಕಾಸು ಬರುತ್ತಿದ್ದ ಮಣಿಗಳನ್ನು ಅವರು ಮುಟ್ಟಲಿಲ್ಲ.

101ನೇ ಸಮಾಧಿಯ ಬಗ್ಗೆ ಎಚ್ಚರದಿಂದ ಹೇಳಬೇಕು. ಆ ಗಂಡಸಿನ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಸಣ್ಣ ಮೊಳೆಗಳಿಂದ ಹೃದಯದಂತಹ ಒಂದು ಆಕಾರ ಬಿಡಿಸಿತ್ತು. ಇದು ಘಾನಾದ ಅಕಾನ್ ಜನರ ಸಂಕೋಫ ಚಿಹ್ನೆ, ಹಿಂದೆ ಬಿಟ್ಟುಬಂದದ್ದನ್ನು ಮರಳಿ ಹೋಗಿ ತರುವುದು ಎಂಬ ಅರ್ಥದ್ದು, ಎಂದು ಸಂಶೋಧಕರು ಓದಿದರು. ಅದು ಸ್ಮಾರಕದ ಕಲ್ಲಿನ ಮೇಲೂ ಬಂತು. 2010ರಲ್ಲಿ ಒಬ್ಬ ಇತಿಹಾಸಕಾರರು, ಹೃದಯದಾಕಾರದ ಅಲಂಕಾರ ಆ ಕಾಲದ ಇಂಗ್ಲಿಷ್ ಶವಪೆಟ್ಟಿಗೆಗಳಲ್ಲಿಯೂ ಇತ್ತು, ಸಂಕೋಫ ಚಿಹ್ನೆ ಅಷ್ಟು ಹಿಂದೆಯೇ ಬಳಕೆಯಲ್ಲಿತ್ತೆಂಬುದಕ್ಕೆ ಆಧಾರ ಸಾಲದು ಎಂದು ತಕರಾರು ಎತ್ತಿದರು. ತಕರಾರಿನಲ್ಲಿ ಹುರುಳಿದೆಯೆಂದೇ ನನಗೆ ತೋರುತ್ತದೆ. ಇಂಥ ಸಂದರ್ಭದಲ್ಲಿ ಸಂಶೋಧಕರು ಮೊದಲ ದಿನವೇ ಎರಡೂ ಓದುಗಳನ್ನು ಜನರ ಮುಂದಿಡುವುದು ಒಳ್ಳೆಯದು. ನೊಂದ ಸಮುದಾಯಕ್ಕೆ ಬೇಕಾದ ಅರ್ಥವನ್ನು ಕೊಡುವ ಆತುರವೂ ಅವರ ಬಗೆಗಿನ ಗೌರವದ ಕೊರತೆಯೇ ಆಗಬಹುದು. ಅನುಮಾನವನ್ನು ಅವರೊಂದಿಗೆ ಹಂಚಿಕೊಂಡರೆ ಹೊರಲಾರದಷ್ಟು ಎಳೆಯರಲ್ಲ ಅವರು.

ಕೆಲಸದಲ್ಲಿರುವವರಿಗೆ

ನೆಲದಡಿ ಏನೂ ಉಳಿದಿರಲಾರದು ಎಂಬ ವಾಕ್ಯ ವರದಿಯಲ್ಲಿ ಬಂದಾಗ, ಅದರ ಹಿಂದಿನ ಲೆಕ್ಕವನ್ನು ಕೇಳಿ ನೋಡಬೇಕು. ಹಳೆಯ ನೆಲಮಟ್ಟ ಎಷ್ಟು, ತುಂಬಿದ ಮಣ್ಣು ಎಷ್ಟು, ನೆಲಮಾಳಿಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬ ಮೂರು ಅಂಕಿಗಳನ್ನು ಒಟ್ಟಿಗಿಟ್ಟಿದ್ದರೆ ಮತ್ತು ನಿವೇಶನ ಕೊಳ್ಳುವ ಮುಂಚೆಯೇ ನಾಲ್ಕು ಕಡೆ ಗುಂಡಿ ತೋಡಿ ನೋಡಿದ್ದರೆ, ಈ ಪ್ರಕರಣದ ಅರ್ಧ ದುಃಖ ತಪ್ಪುತ್ತಿತ್ತು. ಸಮುದಾಯವನ್ನು ಕೇಳುವ ಹೊತ್ತೂ ಅದೇ, ವಿನ್ಯಾಸ ಇನ್ನೂ ಕಾಗದದ ಮೇಲಿರುವಾಗ. ಕಂಬಿ ಕಟ್ಟಿದ ಮೇಲೆ ಕರೆದು ಕೇಳಿದರೆ ಅದು ತಿಳಿಸುವುದಾಗುತ್ತದೆ, ಕೇಳುವುದಾಗುವುದಿಲ್ಲ.

ಮಂಟಪವನ್ನು ಕೈಬಿಟ್ಟಿದ್ದರಿಂದ ಇಲಾಖೆಗೆ ಆದ ನಷ್ಟವನ್ನು ಆಗ ಹಲವರು ದೊಡ್ಡದಾಗಿ ಹೇಳಿದರು. ಅದೇ ಮಂಟಪವನ್ನು ಬಿಟ್ಟು ಮೊದಲೇ ಯೋಜನೆ ಮಾಡಿದ್ದರೆ ಆ ನಷ್ಟದ ಮಾತೇ ಬರುತ್ತಿರಲಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ಮರಳಿ ಮಣ್ಣಿಗೆ

ಮರುಸಂಸ್ಕಾರಕ್ಕೆ ಹತ್ತು ವರ್ಷ ಹಿಡಿಯಿತು. ಹಣಕ್ಕಾಗಿ ಇಲಾಖೆಗೂ ವಿಶ್ವವಿದ್ಯಾಲಯಕ್ಕೂ ಎಳೆದಾಟ ನಡೆಯಿತು. 2001ರ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರ ಕುಸಿದಾಗ, ಅಲ್ಲಿನ ಕಟ್ಟಡವೊಂದರಲ್ಲಿದ್ದ ಈ ಸ್ಮಶಾನದ ವಸ್ತುಗಳು ಅವಶೇಷಗಳಡಿ ಸಿಕ್ಕಿಕೊಂಡವು, ಬಹುಪಾಲನ್ನು ಹೊರತೆಗೆಯಲಾಯಿತು. ಕಾದು ಕಾದು ಜನ ಮತ್ತೆ ಬೀದಿಗಿಳಿಯಬೇಕಾಯಿತು.

2003ರ ಅಕ್ಟೋಬರಿನಲ್ಲಿ 419 ಮಂದಿಯ ಅಸ್ಥಿಗಳು ಘಾನಾದಲ್ಲಿ ಕೈಯಿಂದ ಕೆತ್ತಿದ ಮರದ ಪೆಟ್ಟಿಗೆಗಳಲ್ಲಿ ಮರಳಿದವು. ಒಬ್ಬ ಗಂಡಸು, ಒಬ್ಬ ಹೆಂಗಸು, ಒಬ್ಬ ಹುಡುಗ, ಒಬ್ಬ ಹುಡುಗಿ, ಈ ನಾಲ್ವರ ಪೆಟ್ಟಿಗೆಗಳನ್ನು ಎಲ್ಲರ ಪರವಾಗಿ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್, ವಿಲ್ಮಿಂಗ್ಟನ್, ಫಿಲಡೆಲ್ಫಿಯ, ನ್ಯೂವರ್ಕ್ ನಗರಗಳ ಮೂಲಕ ಮೆರವಣಿಗೆಯಲ್ಲಿ ತಂದರು. ಕೊನೆಯ ದಾರಿ ನೀರಿನ ಮೇಲೆ. ದೋಣಿ ಬಂದು ನಿಂತದ್ದು ವಾಲ್ ಸ್ಟ್ರೀಟ್ ನದಿಯನ್ನು ಮುಟ್ಟುವ ಕಡೆ, 1711ರ ಮಾರುಕಟ್ಟೆ ಇದ್ದ ಜಾಗದ ಬಳಿ. ಅಲ್ಲಿಂದ ಬ್ರಾಡ್‌ವೇ ಹಿಡಿದು ಸ್ಮಶಾನದವರೆಗೆ ಜನ ನಡೆದರು. ಹನ್ನೆರಡು ಮಂದಿ ಮಾತ್ರ ಎಂಬ ಕಟ್ಟಳೆ ಇದ್ದ ಊರಿನಲ್ಲಿ ಅಂದು ಸಾವಿರಾರು ಮಂದಿ ಇದ್ದರು. ಅಕ್ಟೋಬರ್ 4ರಂದು ಅವರನ್ನು ಏಳು ದೊಡ್ಡ ಗುಣಿಗಳಲ್ಲಿ ಇಳಿಸಿದರು. ಮಣಿಗಳನ್ನೂ ಕವಡೆಗಳನ್ನೂ ಅವರವರ ಜೊತೆಗೇ ಇಟ್ಟರು.

2006ರಲ್ಲಿ ಆ ನೆಲ ರಾಷ್ಟ್ರೀಯ ಸ್ಮಾರಕವಾಯಿತು, ಮರುವರ್ಷ ಕಪ್ಪು ಕಲ್ಲಿನ ಸ್ಮಾರಕ ತೆರೆಯಿತು; ಅದರ ನಡುವಿನ ತಗ್ಗಾದ ಅಂಗಳ ತರ್ಪಣ ಕೊಡುವುದಕ್ಕೆಂದೇ ಮಾಡಿದ್ದು. ಪಕ್ಕದಲ್ಲಿ ಏಳು ಹುಲ್ಲಿನ ದಿಬ್ಬಗಳಿವೆ. ಎತ್ತಿದ್ದು 419 ಮಂದಿಯನ್ನು. ಉಳಿದ ಸಾವಿರಾರು ಮಂದಿ ಇವತ್ತಿಗೂ ಬ್ರಾಡ್‌ವೇಯ ಪೂರ್ವದ ಬೀದಿಗಳ, ಕಚೇರಿಗಳ, ಕಾಲುದಾರಿಗಳ ಕೆಳಗೆ, ಆ ತುಂಬಿದ ಮಣ್ಣಿನಡಿಯಲ್ಲಿ ಇದ್ದಾರೆ.